ಒಳಗೆ ಬಿಟ್ಟ ಬಟ್ಟೆ

ಹನ್ನೊಂದು ವರ್ಷ ಪೇಟೆ ಬೀದಿಯ ಅಂಗಡಿಯಲ್ಲಿ ನಿಂತು
ನಾನು ಒಂದೇ ಮಾತು ಮಾರಿದೆ:
"ನಿಮ್ಮ ಸೈಜು ಇಲ್ಲ ಅಕ್ಕಾ."
ನಗುತ್ತಲೇ ಹೇಳಬೇಕು, ಮಾಲೀಕರ ಕಟ್ಟಪ್ಪಣೆ.
ಕೇಳಿದವರೂ ನಗುತ್ತಿದ್ದರು,
ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿ,
ಮಗಳಿಗೊಂದು ಲಂಗ ಕೊಂಡು
ಮೆಟ್ಟಿಲಿಳಿದು ಹೋಗುತ್ತಿದ್ದರು.

ಕೆರಗೋಡಿನ ಜವರಮ್ಮ ಹೋಗಲಿಲ್ಲ.
ಹಾಲಿನ ಡೇರಿಯ ಕಾರ್ಯದರ್ಶಿ,
ಸ್ಕೂಟರಿಗೆ ಸೀರೆ ತೊಡರುತ್ತೆ, ಕುರ್ತಾ ಕೊಡು ಎಂದು ಬಂದವಳು
ಇಲ್ಲವೆನ್ನಿಸಿಕೊಂಡು
ಕೌಂಟರಿಗೆ ಮೊಣಕೈ ಊರಿ ಅಂದಳು:
"ಹಗ್ಗ ಸಾಲ್ದೇ ಹೋದ್ರೆ
ಬೇರೆ ಹಗ್ಗ ತತ್ತೀವಿ ಕಣವ್ವ,
ಎಮ್ಮೆನ ಬೈತೀವಾ?"

ಆ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಸುಳ್ಳು.
ಚೆನ್ನಾಗಿ ಮಲಗಿದೆ. ಬೆಳಿಗ್ಗೆ ಎದ್ದು ಲೆಕ್ಕ ಹಾಕಿದೆ:
ಸಂಘದ ಸಾಲ ಎಂಬತ್ತು ಸಾವಿರ,
ನಡುವೆಯೇ ಎತ್ತಿದ ಚೀಟಿ,
ಅಡವಿಗೆ ಹೋಗಿ ಇನ್ನೂ ವಾಪಸು ಬಾರದ ಎರಡೆಳೆ ಸರ.

ನೂರಡಿ ರಸ್ತೆಯ ಹಿಂದಿನ ಓಣಿ,
ಮೊದಲು ಮಿಕ್ಸಿ ರಿಪೇರಿ ನಡೆಯುತ್ತಿದ್ದ ಮಳಿಗೆ.
ಬೋರ್ಡು ಬರೆಯುವವ ಬ್ರಶ್ಶು ಮೇಲೆತ್ತಿ ಕೇಳಿದ:
"ಬೊಟಿಕ್ಕೋ, ಬೊಟೀಕೋ, ಬುಟಿಕ್ಕೋ?"
ಯಾರಿಗೆ ಗೊತ್ತು! "ಬಟ್ಟೆ ಅಂಗ್ಡಿ ಅಂತ ಬರಿಯಪ್ಪ" ಅಂದೆ.
ಅಷ್ಟಕ್ಕೇ ಮುಗಿಯಿತಲ್ಲ ಎಂದು ಬೇಜಾರಾಗಿ
ಮೂಲೆಯಲ್ಲೊಂದು ನವಿಲು ಬರೆದ.
ದಪ್ಪ ನವಿಲು.

ಬಟ್ಟೆ ಹಾಕಿ ನೋಡುವ ಕೋಣೆಗೆ
ಮರಗೆಲಸದ ಸಿದ್ದಪ್ಪಾಜಿ ಎರಡೂವರೆ ಅಡಿ ಗೆರೆ ಎಳೆದ.
ಅಳಿಸಿದೆ. ಕೈ ಎರಡೂ ಚಾಚಿದರೆ
ಗೋಡೆ ತಾಗಬಾರದು, ಒಳಗೊಂದು ಸ್ಟೂಲು ಹಿಡಿಸಬೇಕು.
"ಜಾಗ ದಂಡ ಕಣಕ್ಕ."
ಆಗಲಿ. ಇಷ್ಟು ದಿನ ದಂಡ ಕಟ್ಟಿದವರು ಅವರೇ.

ಲಾರಿಯಲ್ಲಿ ಮೂರು ಬೊಂಬೆ ಬಂದವು,
ಮೂವರದೂ ಉಂಡೇ ಕಾಣದ ಸೊಂಟ.
ಹಾಸಿಗೆ ಹೊಲಿಯುವ ಖತೀಜಾಬಿ
ಎರಡು ಕಿಲೋ ಹತ್ತಿ ತಂದು ಹೊಟ್ಟೆಗೆ, ತೋಳಿಗೆ, ತೊಡೆಗೆ ಇಟ್ಟು
ಹಳೇ ಪಂಚೆ ಸುತ್ತಿ ದಬ್ಬಳ ಹಾಕಿದಳು.
ಹಲ್ಲಿನಲ್ಲಿ ದಾರ ಕಡಿದು ಅಂದಳು:
"ಈಗ ಕುಂತ್ಕಂಡು ಉಣ್ಬೋದು ಇವ್ಳು."

ಬಾಗಿಲು ತೆರೆದ ದಿನ
ಸಕ್ಕರೆ ಕಾರ್ಖಾನೆ ಕಡೆಯಿಂದ ಕಾಕಂಬಿ ವಾಸನೆ ಬಂತು,
ಬೊಂಬೆಯ ಫೋಟೋ ಹಿಡಿದು ನಗಲು ಕಾಲೇಜಿನ ಹುಡುಗರು ಬಂದರು,
ಕೊಳ್ಳುವವರು ಬರಲಿಲ್ಲ.
ಸಂಜೆ ಬಂದವಳು ಇಂಚರ. ಕಡ್ಡಿ ಹುಡುಗಿ.
ತಪ್ಪಿ ಬಂದಳೇನೋ ಅಂದುಕೊಂಡೆ.
"ನಂಗೂ ಎಲ್ಲೂ ಸಿಗಲ್ಲ ಆಂಟಿ,
ಮಕ್ಕಳ ಬಟ್ಟೆ ಮೇಲಿನ ಮಹಡೀಲಿದೆ ಅಂತಾರೆ."
ನನ್ನ ಟೇಪು ಇಷ್ಟು ದಿನ
ಒಂದೇ ಕಡೆ ನೋಡುತ್ತಿತ್ತು.
ಮೊದಲ ಬೋಣಿ ಅವಳದೇ: ಇನ್ನೂರ ಎಂಬತ್ತು ರೂಪಾಯಿ,
ಅದರಲ್ಲೂ ಮೂವತ್ತು ಬಾಕಿ.

ಆರು ತಿಂಗಳು ಬಾಡಿಗೆ ಹುಟ್ಟಲಿಲ್ಲ.
ಆಮೇಲೆ ಹುಟ್ಟಿತು. ಆ ಕಥೆ ದೊಡ್ಡದಲ್ಲ.

ಮೊನ್ನೆ ಜವರಮ್ಮ ಮತ್ತೆ ಬಂದಿದ್ದಳು,
ಹೋದ ವರ್ಷ ನಾನೇ ಹೊಲಿದ ಬದನೆ ಬಣ್ಣದ ಕುರ್ತಾ ಮಡಿಲಲ್ಲಿ.
"ಸಕ್ಕರೆ ಕಾಯ್ಲೆ ಮಾತ್ರೆ ಬದಲಾಯಿಸವ್ರೆ,
ಹಾಳಾದ್ದು ತೋಳೇ ಏರ್ತಿಲ್ಲ."
ಎತ್ತಿ ನೋಡಿದೆ.
ಹನ್ನೊಂದು ವರ್ಷದ ಹಳೇ ಮಾತು
ಗಂಟಲಿನಿಂದ ನಾಲಿಗೆಗೆ ತಾನೇ ಹತ್ತಿ ಬಂತು,
"ನಿಮ್ಮ ಸೈ..." 
ನುಂಗಿಕೊಂಡೆ.

ಬ್ಲೇಡು ಹುಡುಕಿ ಪಕ್ಕದ ಹೊಲಿಗೆ ಬಿಚ್ಚಿದೆ.
ಒಳಗೆ ಎರಡೆರಡು ಇಂಚು ಬಟ್ಟೆ
ಮಡಿಸಿಟ್ಟಂತೆಯೇ ಇತ್ತು, ಬಿಸಿಲು ಕಾಣದೆ.
ಹೊಸ ಗೆರೆ ಹೊಲಿದು ಕೊಟ್ಟರೆ
ಕಂಕುಳಿನಿಂದ ಅಂಚಿನವರೆಗೆ ಎರಡು ಪಟ್ಟಿ,
ಉಳಿದದ್ದಕ್ಕಿಂತ ಗಾಢವಾಗಿ.

"ಬೇರೆ ಬಣ್ಣ ಕಾಣ್ತದಲ್ಲಾ ಜವರಮ್ಮ, ಲೇಸು ಹಾಕಿ ಮುಚ್ಚಲಾ?"

ಕನ್ನಡಿಯ ಮುಂದೆ ಕೈ ಎರಡೂ ಚಾಚಿ
ಗೋಡೆ ತಾಗುತ್ತದೋ ಎಂದು ನೋಡಿ
ಅವಳು ತಿರುಗಿದಳು:
"ಬ್ಯಾಡ ಬುಡು. ನಾನು ದುಡ್ಡು ಕೊಟ್ಟು ತಕ್ಕಂಡಿದ್ದು
ಇದೇ ಬಣ್ಣ."